ಪಮುಕ್ಕಲೆಯ ಸುಣ್ಣದ ನೀರು, ಹಿಯೆರಾಪೊಲಿಸ್‌ನ ಕಲ್ಲಿನ ಊರು: ಎರಡು ದಿನಗಳ ಭೇಟಿಯ ವಿಮರ್ಶೆ

ಟರ್ಕಿಯ ನೈಋತ್ಯದಲ್ಲಿರುವ ಡೆನಿಜ್ಲಿ ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಪಮುಕ್ಕಲೆ ಎಂಬ ಚಿಕ್ಕ ಊರಿದೆ. ಊರಿನ ಬೆನ್ನಿಗೆ ಎದ್ದು ನಿಂತ ದಿಬ್ಬದ ಮೈಮೇಲೆ, ಬಿಸಿನೀರ ಬುಗ್ಗೆಗಳು ಸಾವಿರಾರು ವರ್ಷಗಳಿಂದ ಸುಣ್ಣ ಸುರಿದು ಕಟ್ಟಿದ ಬಿಳಿಯ ಮೆಟ್ಟಿಲುಗಳಿವೆ. ಅದೇ ದಿಬ್ಬದ ನೆತ್ತಿಯಲ್ಲಿ ಹಿಯೆರಾಪೊಲಿಸ್ ಎಂಬ ಗ್ರೀಕ್-ರೋಮನ್ ನಗರದ ಅವಶೇಷಗಳು ಹರಡಿಕೊಂಡಿವೆ. ಕಳೆದ ಏಪ್ರಿಲ್ ಕೊನೆಯಲ್ಲಿ ಅಮ್ಮ, ತಮ್ಮ ಮತ್ತು ನಾನು ಅಲ್ಲಿಗೆ ಎರಡು ಸಲ ಹೋದೆವು: ಮೊದಲ ದಿನ ಪ್ರವಾಸ ಕಂಪನಿಯೊಂದರ ಬಸ್ಸಿನಲ್ಲಿ, ಎರಡನೆಯ ದಿನ ನಾವಾಗಿಯೇ. ಜಾಗವೂ ಟಿಕೆಟ್ಟಿನ ಬೆಲೆಯೂ ಒಂದೇ ಆಗಿದ್ದರೂ ಆ ಎರಡು ದಿನಗಳಲ್ಲಿ ನಾವು ಕಂಡದ್ದು ಎರಡು ಬೇರೆ ಬೇರೆ ಊರುಗಳನ್ನೇನೋ ಎನ್ನುವಷ್ಟು ವ್ಯತ್ಯಾಸವಿತ್ತು. ಆ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು, ಅಲ್ಲಿಗೆ ಹೋಗಬೇಕೆಂದಿರುವವರಿಗೆ ಉಪಯೋಗವಾಗಲೆಂದು, ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ದಿನದ ಸಂಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕಡಲತೀರದ ಊರೊಂದರಿಂದ ನಸುಕಿನಲ್ಲಿ ಹೊರಟ ಬಸ್ಸು ದಾರಿಯಲ್ಲಿ ಹರಳುಕಲ್ಲಿನ ಅಂಗಡಿಯೊಂದರ ಮುಂದೆ ಮುಕ್ಕಾಲು ಗಂಟೆ, ಊಟದ ಹೋಟೆಲೊಂದರ ಮುಂದೆ ಒಂದು ಗಂಟೆ ನಿಂತು, ಮಧ್ಯಾಹ್ನ ಒಂದೂವರೆಗೆ ನಮ್ಮನ್ನು ದಕ್ಷಿಣದ ಬಾಗಿಲಿನಲ್ಲಿ ಇಳಿಸಿತು. ಮೂರು ಗಂಟೆಗೆ ಎಲ್ಲರೂ ಬಸ್ಸಿನಲ್ಲಿರಬೇಕೆಂದು ಮಾರ್ಗದರ್ಶಿ ಹೇಳಿದರು. ಅಷ್ಟು ಹೊತ್ತಿನಲ್ಲಿ ಜನ ಮಾಡಬಹುದಾದದ್ದು ಒಂದೇ: ನೇರವಾಗಿ ಬಿಳಿ ದಿಬ್ಬದ ಅಂಚಿಗೆ ಹೋಗಿ, ಚಪ್ಪಲಿ ಕೈಯಲ್ಲಿ ಹಿಡಿದು, ಕಾಲು ನೆನೆಸಿ, ಫೋಟೊ ತೆಗೆಸಿಕೊಂಡು ಮರಳುವುದು. ನಾವೂ ಅದನ್ನೇ ಮಾಡಿದೆವು. ನಡುಮಧ್ಯಾಹ್ನದ ಬಿಸಿಲು ಆ ಬಿಳುಪಿನ ಮೇಲೆ ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ನೀರಿರುವ ಕೊಳಗಳ ಸುತ್ತ ಜನ ಕಿಕ್ಕಿರಿದಿದ್ದರು. ಮತ್ತು, ಚಿತ್ರಗಳಲ್ಲಿ ನಾವೆಲ್ಲ ನೋಡಿರುವ, ಅರ್ಧಚಂದ್ರದ ಆಕಾರದಲ್ಲಿ ಒಂದರ ಕೆಳಗೊಂದು ಇಳಿಯುವ ಆ ನೀಲಿ ಬಟ್ಟಲುಗಳಲ್ಲಿ ಹೆಚ್ಚಿನವು ಒಣಗಿ ನಿಂತಿದ್ದವು. ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೆ ಎಂದು ಅಮ್ಮ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಹಿಂದೆಯೇ ಇದ್ದ ನಗರದ ಕಡೆ ತಿರುಗಿ ನೋಡಲು ಹತ್ತು ನಿಮಿಷವೂ ಉಳಿದಿರಲಿಲ್ಲ. ಇಂಥ ಒಂದು ದಿನದ ಪ್ಯಾಕೇಜು ಅಗ್ಗವೆಂದು ಯಾರಾದರೂ ಹೇಳಿದರೆ, ದಯವಿಟ್ಟು ಅದರಲ್ಲಿ ಸ್ಥಳದೊಳಗೆ ಎಷ್ಟು ಗಂಟೆ ಬಿಡುತ್ತಾರೆ ಎಂದು ಮೊದಲು ಕೇಳಿ. ಐದು ಗಂಟೆಗಿಂತ ಕಡಿಮೆಯೆಂದರೆ ಆ ಹಣವನ್ನು ಉಳಿಸಿಕೊಂಡು ಒಂದು ರಾತ್ರಿ ಕೆಳಗಿನ ಊರಿನಲ್ಲೇ ತಂಗುವುದು ಲೇಸು.

ಒಣಗಿದ ಕೊಳಗಳ ವಿಚಾರದಲ್ಲಿ ಮಾತ್ರ ನಮ್ಮ ಮೊದಲ ದಿನದ ಅಸಮಾಧಾನ ತಪ್ಪು ತಿಳಿವಳಿಕೆಯಿಂದ ಬಂದದ್ದು, ಮತ್ತು ಬಹಳ ಜನ ಅದೇ ತಪ್ಪು ತಿಳಿವಳಿಕೆಯಿಂದ ಈ ಸ್ಥಳಕ್ಕೆ ಕಡಿಮೆ ಅಂಕ ಕೊಡುವುದನ್ನು ಆಮೇಲೆ ಕಂಡೆ. ನೀರು ಬತ್ತಿಹೋಗಿಲ್ಲ, ಅದನ್ನು ಸರದಿಯಂತೆ ಹಂಚುತ್ತಾರೆ. ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ದಿಬ್ಬದ ಮೇಲೆಯೇ, ಪುರಾತನ ನಗರದ ಮೈಮೇಲೆಯೇ, ಹೋಟೆಲುಗಳು ಎದ್ದಿದ್ದವು. ಬುಗ್ಗೆಯ ನೀರು ಅವುಗಳ ಈಜುಕೊಳಗಳಿಗೆ ಹೋಗುತ್ತಿತ್ತು, ಬಿಳಿಯ ಮೆಟ್ಟಿಲುಗಳ ನಡುವೆ ವಾಹನಗಳು ಓಡುವ ರಸ್ತೆಯೊಂದನ್ನು ಕೊರೆಯಲಾಗಿತ್ತು, ಸುಣ್ಣದ ಬಿಳುಪು ಕಂದಿ ಬೂದಾಗತೊಡಗಿತ್ತು. 1988ರಲ್ಲಿ ಯುನೆಸ್ಕೊ ಈ ಜಾಗವನ್ನು, ಪ್ರಕೃತಿ ಮತ್ತು ಸಂಸ್ಕೃತಿ ಎರಡೂ ಕಾರಣಗಳಿಗಾಗಿ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮುಂದಿನ ದಶಕದಲ್ಲಿ ಆ ಹೋಟೆಲುಗಳನ್ನು ಕೆಡವಿದರು, ರಸ್ತೆಯನ್ನು ಮುಚ್ಚಿ ಅದರ ಜಾಗದಲ್ಲಿ ಕೃತಕ ಕೊಳಗಳನ್ನು ಕಟ್ಟಿದರು. ಇಂದು ನಾವು ಬರಿಗಾಲಲ್ಲಿ ಇಳಿಯುವ ದಾರಿ ಆ ಹಳೆಯ ರಸ್ತೆಯೇ. ನೀರು ಒಂದೇ ಕಡೆ ಸದಾ ನಿಂತರೆ ಪಾಚಿ ಕಟ್ಟಿ ಹಸಿರಾಗುತ್ತದೆ. ಹರಿದು, ಒಣಗಿ, ಬಿಸಿಲುಂಡು, ಮತ್ತೆ ಹರಿದರೆ ಬಿಳುಪು ಉಳಿಯುತ್ತದೆ. ಆದ್ದರಿಂದ ಒಣ ಕೊಳವೆಂದರೆ ಹಾಳಾದ ಕೊಳವಲ್ಲ, ತನ್ನ ಸರದಿಗೆ ಕಾಯುತ್ತಿರುವ ಕೊಳ. ಮುಟ್ಟಬಾರದೆಂದು ಬೇಲಿ ಹಾಕಿರುವ ಸಹಜ ಮೆಟ್ಟಿಲುಗಳಿಗೆ ಇಳಿಯಲು ಕೆಲವರು ಪ್ರಯತ್ನಿಸುತ್ತಾರೆ. ಕಾವಲುಗಾರರು ಸೀಟಿ ಊದಿ ಹಿಂದಕ್ಕೆ ಕಳಿಸುತ್ತಾರೆ. ಆ ಸೀಟಿ ದಿನವಿಡೀ ಕೇಳಿಸುತ್ತದೆ, ಕೇಳಿಸಲೇಬೇಕು.

ಈ ಮೆಟ್ಟಿಲುಗಳು ಹೇಗಾದವು ಎಂಬುದನ್ನು ನಮ್ಮಲ್ಲಿ ಮೊದಲು ಅರ್ಥಮಾಡಿಕೊಂಡವರು ಅಮ್ಮ. ನಮ್ಮದು ಚಿತ್ರದುರ್ಗದ ಕಡೆಯ ಮನೆ. ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಕಾಯಿಸಿದ ಬಚ್ಚಲ ಹಂಡೆಯ ಒಳಮೈಯಲ್ಲಿ ಬಿಳಿಯ ಹೊಪ್ಪಳಿಕೆ ಕಟ್ಟುತ್ತದೆಯಲ್ಲ, ಇದು ಅದೇ ಎಂದು ಅವರು ಬಗ್ಗಿ ಬೆರಳಿನಿಂದ ಸವರಿ ಹೇಳಿದರು. ಅದು ಅಕ್ಷರಶಃ ನಿಜ. ಮಳೆಯ ನೀರು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನೆಲದಾಳದ ಸುಣ್ಣಕಲ್ಲನ್ನು ಕರಗಿಸುತ್ತದೆ. ಭೂಮಿಯ ಬಿರುಕುಗಳ ಆಳದಲ್ಲಿ ಬಿಸಿಯಾಗಿ, ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ದಿಬ್ಬದ ಮೇಲೆ ಉಕ್ಕುತ್ತದೆ. ಹೊರಗಾಳಿ ಸೋಕಿದೊಡನೆ ಆ ಅನಿಲ ನೀರನ್ನು ಬಿಟ್ಟು ಹಾರಿಹೋಗುತ್ತದೆ, ಅದರ ಬಲದಿಂದ ಕರಗಿ ನಿಂತಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ನೀರು ತೆಳ್ಳಗೆ ಹರಡಿ ಅಂಚನ್ನು ದಾಟುವಲ್ಲಿ ಅನಿಲ ಹೆಚ್ಚು ವೇಗವಾಗಿ ಹೊರಡುವುದರಿಂದ ಅಲ್ಲೇ ಸುಣ್ಣ ಹೆಚ್ಚು ಕೂತು, ಗದ್ದೆಯ ಬದುವಿನಂತೆ ಏರುತ್ತಾ ಹೋಗುತ್ತದೆ. ಬದು ಏರಿದಂತೆ ಮಡಿ ತುಂಬುತ್ತದೆ. ಹೊಸದಾಗಿ ಕೂತ ಸುಣ್ಣ ಮೊದಲು ಗಂಜಿಯ ಕೆನೆಯಂತೆ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುತ್ತದೆ. ಚಪ್ಪಲಿ, ಶೂ ಕಳಚಬೇಕೆಂಬ ಕಟ್ಟುನಿಟ್ಟಿನ ನಿಯಮ ಆ ಮೆತ್ತನೆಯ ಪದರವನ್ನು ಉಳಿಸುವುದಕ್ಕಾಗಿ. ಟರ್ಕಿಶ್ ಭಾಷೆಯಲ್ಲಿ ಪಮುಕ್ ಎಂದರೆ ಹತ್ತಿ, ಕಲೆ ಎಂದರೆ ಕೋಟೆ. ದೂರದಿಂದ ನೋಡುವಾಗ ಹಿಂಜಿ ರಾಶಿ ಹಾಕಿದ ಹತ್ತಿಯಂತೆಯೇ ಕಾಣುವ ಆ ದಿಬ್ಬಕ್ಕೆ, ಹತ್ತಿ ಬೆಳೆಯುವ ನಾಡಿನಿಂದ ಹೋದ ನಮಗೆ, ಅದಕ್ಕಿಂತ ಒಳ್ಳೆಯ ಹೆಸರು ಹೊಳೆಯಲಿಲ್ಲ.

ಇಷ್ಟು ತಿಳಿದ ಮೇಲೆ ನಾವು ಎರಡನೆಯ ದಿನವನ್ನು ತಿರುವುಮುರುವು ಮಾಡಿದೆವು. ಈ ಸ್ಥಳಕ್ಕೆ ಮೂರು ಬಾಗಿಲುಗಳಿವೆ. ದಕ್ಷಿಣದ್ದು ಬಿಳಿ ಮೆಟ್ಟಿಲುಗಳಿಗೂ ಈಜಲು ಬಿಡುವ ಪುರಾತನ ಕೊಳಕ್ಕೂ ಹತ್ತಿರ, ಬಸ್ಸುಗಳು ಹೆಚ್ಚಾಗಿ ಅಲ್ಲಿಗೇ ಬರುತ್ತವೆ. ಕೆಳಗಿನ ಊರಿನದು ಬರಿಗಾಲಲ್ಲಿ ಮೆಟ್ಟಿಲುಗಳ ಮೇಲೆಯೇ ಹತ್ತಿಸುತ್ತದೆ. ಉತ್ತರದ್ದು ಎಲ್ಲಕ್ಕಿಂತ ದೂರ, ಹಾಗಾಗಿ ಎಲ್ಲಕ್ಕಿಂತ ನಿರ್ಜನ. ಕರಹಯಿತ್ ಎಂಬ ಪಕ್ಕದ ಊರಿಗೆ ಹೋಗುವ ಮಿನಿಬಸ್ಸು ಉತ್ತರ ಬಾಗಿಲಿನ ಹತ್ತಿರ ಇಳಿಸುತ್ತದೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಆಕಾಶದಲ್ಲಿ ಬಿಸಿಗಾಳಿಯ ಬಲೂನುಗಳು ಇನ್ನೂ ಇಳಿದಿರಲಿಲ್ಲ. ನಾವು ಹೋದಾಗ ವಿದೇಶಿಯರಿಗೆ ಟಿಕೆಟ್ 30 ಯೂರೋ ಇತ್ತು; ಒಮ್ಮೆ ಹೊರಬಂದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬಿಡುವುದಿಲ್ಲ. ನಾವು ಎರಡು ದಿನಕ್ಕೂ ಪೂರ್ಣ ಹಣ ಕೊಟ್ಟೆವು. ಒಂದೇ ದಿನ ಬೆಳಗಿನಿಂದ ಸಂಜೆಯವರೆಗೆ ಒಳಗಿರುವಂತೆ, ನೀರು ಮತ್ತು ಬುತ್ತಿಯೊಂದಿಗೆ, ಹೋಗುವುದು ಜಾಣತನ.

ಉತ್ತರದ ಬಾಗಿಲು ದಾಟಿದೊಡನೆ ಎದುರಾಗುವುದು ಊರಲ್ಲ, ಊರಿನ ರುದ್ರಭೂಮಿ. ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೂ ದಾರಿಯ ಎರಡು ಬದಿಗೆ ಸಾವಿರದ ಇನ್ನೂರಕ್ಕೂ ಹೆಚ್ಚು ಸಮಾಧಿಗಳಿವೆ. ಅನಟೋಲಿಯಾದ, ಅಂದರೆ ಟರ್ಕಿಯ ಏಷ್ಯಾ ಭಾಗದ, ಅತಿ ದೊಡ್ಡ ಪ್ರಾಚೀನ ಸ್ಮಶಾನಗಳಲ್ಲಿ ಇದೂ ಒಂದು. ಗುಡ್ಡದಂತೆ ಮಣ್ಣೊಟ್ಟಿದ ದುಂಡನೆಯವು, ಮನೆಯಂತೆ ಬಾಗಿಲು-ಸೂರು ಇರುವವು, ಎತ್ತರದ ಕಟ್ಟೆಯ ಮೇಲೆ ಕಲ್ಲಿನ ಪೆಟ್ಟಿಗೆ ಇಟ್ಟವು, ಎಲ್ಲವೂ ಗಸಗಸೆ ಹೂಗಳ ಕೆಂಪಿನ ನಡುವೆ. ಇಷ್ಟು ಸಮಾಧಿಗಳು ಏಕೆಂದರೆ, ಇದು ಬಿಸಿನೀರಿನ ಚಿಕಿತ್ಸೆಗೆಂದು ಜನ ದೂರದೂರದಿಂದ ಬರುತ್ತಿದ್ದ ಊರು. ಗುಣವಾಗದವರು ಇಲ್ಲೇ ಉಳಿದರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಶಾಸನಗಳನ್ನು ಓದಿದರೆ ಕಾಣುವುದು ರೋಗಿಗಳಿಗಿಂತ ಹೆಚ್ಚಾಗಿ ದುಡಿದು ಬದುಕಿದವರು. ಫ್ಲೇವಿಯಸ್ ಜ್ಯೂಕ್ಸಿಸ್ ಎಂಬ ವರ್ತಕ, ಗ್ರೀಸ್‌ನ ದಕ್ಷಿಣ ತುದಿಯ ಮಾಲೆಯಾ ಭೂಶಿರವನ್ನು ಬಳಸಿ ತಾನು ಇಟಲಿಗೆ 72 ಸಲ ಹಡಗಿನಲ್ಲಿ ಹೋಗಿಬಂದೆನೆಂದು ತನ್ನ ಸಮಾಧಿಯ ಮೇಲೆ ಬರೆಸಿದ್ದಾನೆ. ಬಿರುಗಾಳಿಗೆ ಕುಖ್ಯಾತವಾಗಿದ್ದ ಆ ಭೂಶಿರದ ಹೆಸರು ಗೊತ್ತಿದ್ದವರಿಗೆ ಆ ಒಂದು ಅಂಕಿಯೇ ಸಾಕಿತ್ತು. ಗ್ಲೈಕಾನ್ ಎಂಬ ಇನ್ನೊಬ್ಬ ತನ್ನ ಗೋರಿಗೆ ಹಬ್ಬದ ದಿನಗಳಲ್ಲಿ ಹೂಮಾಲೆ ಹಾಕಲೆಂದು ಬಣ್ಣಗಾರರ ಮತ್ತು ಜಮಖಾನೆ ನೇಯುವವರ ಸಂಘಗಳಿಗೆ ಹಣ ಇಟ್ಟಿದ್ದಾನೆ. ಆ ಹಬ್ಬಗಳಲ್ಲಿ ಯಹೂದಿಗಳದ್ದೂ ಇವೆ, ರೋಮನ್ನರ ಹೊಸ ವರ್ಷದ್ದೂ ಇದೆ. ಇಲ್ಲಿನ ನೀರು ಉಣ್ಣೆಗೆ ಬಣ್ಣ ಕಟ್ಟಲು ಬಹಳ ಒಳ್ಳೆಯದು ಎಂದು ಭೂಗೋಳಕಾರ ಸ್ಟ್ರಾಬೊ ಎರಡು ಸಾವಿರ ವರ್ಷಗಳ ಹಿಂದೆ ದಾಖಲಿಸಿದ್ದ. ಡೆನಿಜ್ಲಿ ಇಂದಿಗೂ ಬಟ್ಟೆಯ ಊರು, ಅಲ್ಲಿನ ಟವೆಲ್ಲುಗಳು ಹೊರದೇಶಗಳಿಗೆ ಹೋಗುತ್ತವೆ. ಈ ಸ್ಮಶಾನದಲ್ಲಿ ಸಿಕ್ಕ ಮತ್ತೊಂದು ಕಲ್ಲಿನ ಪೆಟ್ಟಿಗೆಯ ಮೇಲೆ, ಅಮ್ಮಿಯಾನೋಸ್ ಎಂಬಾತನಿಗಾಗಿ ಮೂರನೆಯ ಶತಮಾನದಲ್ಲಿ ಕೆತ್ತಿದ ಚಿತ್ರವೊಂದಿದೆ: ನೀರಿನ ಚಕ್ರದಿಂದ ತಿರುಗಿ, ಕ್ರಾಂಕ್ ಮತ್ತು ದಂಡಗಳ ಮೂಲಕ ಎರಡು ಗರಗಸಗಳನ್ನು ಎಳೆದಾಡಿಸಿ ಕಲ್ಲು ಕೊಯ್ಯುವ ಯಂತ್ರ. ತಿರುಗುವ ಚಲನೆಯನ್ನು ಹಿಂದುಮುಂದಿನ ಚಲನೆಯಾಗಿಸುವ ಇಂಥ ಯಂತ್ರದ ಇದಕ್ಕಿಂತ ಹಳೆಯ ಚಿತ್ರ ಜಗತ್ತಿನಲ್ಲಿ ತಿಳಿದಿಲ್ಲ. ಎಂಜಿನಿಯರಾಗಿರುವ ತಮ್ಮ ಇದೊಂದಕ್ಕಾಗಿ ಎರಡನೆಯ ಟಿಕೆಟ್ಟಿನ ಹಣ ಸಾರ್ಥಕವಾಯಿತೆಂದ.

ಕೆಲವು ಸಮಾಧಿಗಳು ಸೊಂಟದವರೆಗೆ ಬಿಳಿಯ ಕಲ್ಲಿನಲ್ಲಿ ಹೂತುಹೋಗಿವೆ. ಯಾರೂ ಹೂತದ್ದಲ್ಲ; ಜನ ಊರು ಬಿಟ್ಟ ಮೇಲೆ ಕಾಲುವೆಗಳನ್ನು ನೋಡಿಕೊಳ್ಳುವವರಿಲ್ಲದೆ ನೀರು ತನಗೆ ಬೇಕಾದಂತೆ ಹರಿದು, ಹರಿದಲ್ಲೆಲ್ಲ ಕಲ್ಲಾಗಿ ಅವುಗಳನ್ನು ನುಂಗಿತು. ಆ ದೃಶ್ಯದ ಮುಂದೆ ನಾನು ಬಹಳ ಹೊತ್ತು ನಿಂತೆ. ಕೆಳಗಿನ ಬಿಳಿ ಮೆಟ್ಟಿಲು ಮತ್ತು ಮೇಲಿನ ಪಾಳು ನಗರ ಬೇರೆ ಬೇರೆಯಲ್ಲ, ಎರಡೂ ಒಂದೇ ನೀರಿನ ಕೆಲಸ ಎಂದು ನನಗೆ ಖಚಿತವಾದದ್ದು ಅಲ್ಲಿ.

ರುದ್ರಭೂಮಿ ಮುಗಿಯುವಲ್ಲಿ ಫ್ರಾಂಟಿನಸ್ ಬಾಗಿಲು. ಮೂರು ಕಮಾನು, ಎರಡು ಬದಿಗೆ ದುಂಡನೆಯ ಗೋಪುರ, ಎಲ್ಲವೂ ಇಲ್ಲಿನದೇ ಟ್ರಾವರ್ಟೀನ್, ಅಂದರೆ ಬುಗ್ಗೆಯ ಸುಣ್ಣ ಕೂತು ಆದ ಕಲ್ಲು. ಕ್ರಿ.ಶ. 84ರಿಂದ 86ರ ನಡುವೆ ರೋಮನ್ನರ ಏಷ್ಯಾ ಪ್ರಾಂತದ (ಇಂದಿನ ಟರ್ಕಿಯ ಪಶ್ಚಿಮ ಭಾಗ) ಅಧಿಪತಿಯಾಗಿದ್ದ ಸೆಕ್ಸ್ಟಸ್ ಜೂಲಿಯಸ್ ಫ್ರಾಂಟಿನಸ್ ಇದನ್ನು ಕಟ್ಟಿಸಿ ಚಕ್ರವರ್ತಿ ಡೊಮಿಷಿಯನ್‌ಗೆ ಅರ್ಪಿಸಿದ. ಇದೇ ಫ್ರಾಂಟಿನಸ್ ಕ್ರಿ.ಶ. 97ರಲ್ಲಿ ರೋಮ್ ನಗರದ ನೀರು ಸರಬರಾಜಿನ ಮುಖ್ಯಾಧಿಕಾರಿಯಾಗಿ ಅಲ್ಲಿನ ಕಾಲುವೆಗಳ ಸೋರಿಕೆ, ಕಳ್ಳತನಗಳ ಲೆಕ್ಕವನ್ನು ಬರೆದಿಟ್ಟವನು. ಬಾಗಿಲಿನ ಒಳಗೆ ಸುಮಾರು 14 ಮೀಟರ್ ಅಗಲದ ಬೀದಿ ನೇರವಾಗಿ ಊರೊಳಗೆ ಹೋಗುತ್ತದೆ, ಅದರ ಬದಿಯಲ್ಲಿ ಕಂಬಸಾಲಿನ ಅಂಗಡಿಗಳ ಮತ್ತು ಸಾರ್ವಜನಿಕ ಶೌಚಾಲಯದ ಉಳಿಕೆಗಳಿವೆ. ಇಷ್ಟು ನೇರ, ಇಷ್ಟು ಅಗಲ ಬೀದಿ ಸಾಧ್ಯವಾದದ್ದು ಊರನ್ನು ಹೊಸದಾಗಿ ಕಟ್ಟಬೇಕಾಗಿ ಬಂದದ್ದರಿಂದ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಪಶ್ಚಿಮ ಟರ್ಕಿಯ ಪೆರ್ಗಮಾನ್‌ನ ಅಟ್ಟಾಲಿಡ್ ದೊರೆಗಳು ಸ್ಥಾಪಿಸಿದ, ಕ್ರಿ.ಪೂ. 133ರಲ್ಲಿ ಕೊನೆಯ ಅಟ್ಟಾಲಸ್‌ನ ಉಯಿಲಿನಂತೆ ರೋಮನ್ನರ ಕೈಸೇರಿದ ಈ ಊರು ಕ್ರಿ.ಶ. 17ರಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಕಾಲದಲ್ಲಿ ಒಮ್ಮೆ, ಕ್ರಿ.ಶ. 60ರಲ್ಲಿ ನೀರೋನ ಕಾಲದಲ್ಲಿ ಮತ್ತೊಮ್ಮೆ ಭೂಕಂಪಕ್ಕೆ ನಡುಗಿತು. ಟೈಬೀರಿಯಸ್‌ನ ಹೆಸರು ಫಲಕದ ಮೇಲೆ ಕಂಡಾಗ ನನಗೆ ನಮ್ಮೂರ ಬೆಟ್ಟದ ಬುಡದ ಚಂದ್ರವಳ್ಳಿ ನೆನಪಾಯಿತು. ಅಲ್ಲಿ ಉತ್ಖನನದಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳ ಮೇಲಿರುವುದು ಅದೇ ಟೈಬೀರಿಯಸ್‌ನ ಮುಖ. ಈ ಊರು ಮೊದಲ ಸಲ ಬಿದ್ದು ಏಳುತ್ತಿದ್ದ ಕಾಲದ ದುಡ್ಡು ಚಿತ್ರದುರ್ಗದವರೆಗೆ ನಡೆದು ಬಂದಿತ್ತು ಎಂದು ಅಮ್ಮನಿಗೆ ಹೇಳಿದೆ.

ಹಿಯೆರಾಪೊಲಿಸ್‌ನಲ್ಲಿ ಒಂದೇ ಒಂದು ಜಾಗವನ್ನು ನೋಡಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಪ್ಲುಟೋನಿಯಂ ಅನ್ನು. ಅಪೊಲೊ ದೇವಾಲಯದ ಹತ್ತಿರದ ತಗ್ಗಿನಲ್ಲಿ, ಕಲ್ಲಿನ ಆಸನಗಳ ಸಾಲಿನ ಕೆಳಗೆ, ಸಣ್ಣ ಕಮಾನಿನ ಬಾಗಿಲೊಂದಿದೆ. ಇದು ಪಾತಾಳದ ಒಡೆಯ ಪ್ಲೂಟೊನ ಲೋಕಕ್ಕೆ ದಾರಿ ಎಂದು ಪ್ರಾಚೀನರು ನಂಬಿದ್ದರು. ಅಲ್ಲಿಗೆ ಎಳೆದು ತಂದ ಹೋರಿಗಳು ಕುಸಿದು ಸಾಯುತ್ತಿದ್ದವು. ಅವುಗಳ ಜೊತೆ ಹೋದ, ಮಾತೃದೇವತೆ ಸೈಬೆಲೆಯ ಪೂಜಾರಿಗಳು ಮಾತ್ರ ಬದುಕಿ ಬರುತ್ತಿದ್ದರು. ಸ್ಟ್ರಾಬೊ ಸ್ವತಃ ಇಲ್ಲಿ ನಿಂತು ಗುಬ್ಬಿಗಳನ್ನು ಒಳಕ್ಕೆ ಎಸೆದು ಅವು ತಕ್ಷಣ ಸತ್ತು ಬಿದ್ದದ್ದನ್ನು ಬರೆದಿದ್ದಾನೆ. ಪೂಜಾರಿಗಳು ಉಸಿರು ಬಿಗಿಹಿಡಿದಿದ್ದುದು ಅವರ ಮುಖದಲ್ಲೇ ಕಾಣುತ್ತಿತ್ತು ಎಂದೂ ಗಮನಿಸಿದ್ದಾನೆ. ಬಹುಕಾಲ ಇದರ ನಿಖರ ಜಾಗ ಕಳೆದುಹೋಗಿತ್ತು. 1957ರಿಂದ ಇಲ್ಲಿ ಕೆಲಸ ಮಾಡುತ್ತಿರುವ ಇಟಲಿಯ ಪುರಾತತ್ತ್ವ ತಂಡದ ಫ್ರಾಂಚೆಸ್ಕೊ ಡಾಂಡ್ರಿಯಾ ಅದನ್ನು ಪತ್ತೆಹಚ್ಚಿದ್ದನ್ನು 2013ರಲ್ಲಿ ಪ್ರಕಟಿಸಿದರು. ಅಗೆಯುವಾಗಲೂ ಬಾಗಿಲ ಬಳಿ ಹಕ್ಕಿಗಳು ಸತ್ತು ಬೀಳುತ್ತಿದ್ದವು. ಆಮೇಲೆ ಜರ್ಮನಿಯ ಹಾರ್ಡಿ ಫಾಂಝ್ ಮತ್ತು ಸಂಗಡಿಗರು ಅಲ್ಲಿನ ಗಾಳಿಯನ್ನು ಅಳೆದು 2018ರಲ್ಲಿ ಕಾರಣವನ್ನು ಅಂಕಿಗಳಲ್ಲಿ ತೋರಿಸಿದರು. ಬಿರುಕಿನಿಂದ ಹೊರಬರುವುದು ಇಂಗಾಲದ ಡೈಆಕ್ಸೈಡ್. ಗಾಳಿಗಿಂತ ಭಾರವಾದ್ದರಿಂದ ಅದು ರಾತ್ರಿಯೆಲ್ಲ ಆ ತಗ್ಗಿನಲ್ಲಿ ಕೆರೆಯಂತೆ ತುಂಬಿ ನಿಲ್ಲುತ್ತದೆ, ಬಿಸಿಲೇರಿದಂತೆ ಚದುರುತ್ತದೆ. ಮೂಗು ನೆಲಕ್ಕೆ ಹತ್ತಿರವಿರುವ ಪ್ರಾಣಿ ಅದರೊಳಗೆ ಮುಳುಗುತ್ತದೆ. ಎತ್ತರಕ್ಕೆ ತಲೆಯೆತ್ತಿ ನಿಂತ ಮನುಷ್ಯ ಅದರ ಮೇಲೆ ಉಸಿರಾಡುತ್ತಾನೆ.

ಹಿಂದಿನ ದಿನ ಕೆಳಗೆ ನೀರನ್ನು ಬಿಟ್ಟು ಹಾರಿ, ಸುಣ್ಣವನ್ನು ಬಿಳಿಯ ಮೆಟ್ಟಿಲಾಗಿಸಿದ ಅನಿಲವೇ ಇದು. ಬೇಲಿಯಾಚೆಯಿಂದ ಆ ಪುಟ್ಟ ಬಾಗಿಲನ್ನು ನೋಡುತ್ತಾ ಈ ಮಾತನ್ನು ಯೋಚಿಸಿದಾಗ, ಎರಡು ಸಾವಿರ ವರ್ಷಗಳ ಹಿಂದಿನ ಜನ ಒಂದೇ ದಿಬ್ಬದ ಮೇಲೆ ಆರೋಗ್ಯವನ್ನೂ ಸಾವನ್ನೂ ಏಕೆ ಕಂಡರು, ಊರಿಗೆ ಪವಿತ್ರ ನಗರ ಎಂಬ ಅರ್ಥದ ಹೆಸರನ್ನು ಏಕೆ ಇಟ್ಟರು ಎಂಬುದು ನನಗೆ ತಾನಾಗಿ ಅರ್ಥವಾಯಿತು. ಮಕ್ಕಳನ್ನು ಕರೆದೊಯ್ಯುವವರು ಈ ಜಾಗದಲ್ಲಿ ಬೇಲಿಯೊಳಗೆ ಇಳಿಯಲು ಖಂಡಿತ ಬಿಡಬಾರದು. ಅಪಾಯ ಕತೆಯದ್ದಲ್ಲ, ಇಂದಿನದು.

ರಂಗಮಂದಿರ ಅಲ್ಲಿಂದ ಸ್ವಲ್ಪ ಏರು. ಹತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾಗಿದ್ದ, ಗುಡ್ಡದ ಇಳಿಜಾರಿಗೆ ಒರಗಿಸಿ ಕಟ್ಟಿದ ಇದರ ಮೇಲ್ತುದಿಯಿಂದ ಇಡೀ ಕಣಿವೆ ಕಾಣುತ್ತದೆ. ರಂಗದ ಹಿಂಗೋಡೆಯನ್ನು ಇಟಲಿಯ ತಂಡ ಬಿದ್ದ ಕಲ್ಲುಗಳನ್ನೇ ಜೋಡಿಸಿ ಮತ್ತೆ ನಿಲ್ಲಿಸಿದೆ. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಾಲದ ಆ ಗೋಡೆಯಲ್ಲಿ ಅಪೊಲೊ, ಆರ್ಟೆಮಿಸ್, ಡಯೊನೈಸಸ್ ಕತೆಗಳ ಉಬ್ಬುಶಿಲ್ಪಗಳಿವೆ. ನಾಲ್ಕನೆಯ ಶತಮಾನದಲ್ಲಿ ರಂಗದ ಮುಂದಿನ ಅಂಗಳಕ್ಕೆ ನೀರು ತುಂಬಿಸಿ ಜಲಕ್ರೀಡೆಗಳನ್ನು ಆಡಿಸಲು ಬದಲಾವಣೆ ಮಾಡಿದ್ದರೆಂದು ವಿದ್ವಾಂಸರು ಹೇಳುತ್ತಾರೆ. ಇನ್ನೂ ಮೇಲೆ, ಏಸುವಿನ ಶಿಷ್ಯ ಸಂತ ಫಿಲಿಪ್ ಹುತಾತ್ಮನಾದನೆಂದು ನಂಬುವ ಕಡೆ, ಐದನೆಯ ಶತಮಾನದ ಎಂಟು ಮೂಲೆಯ ಸ್ಮಾರಕವಿದೆ. ಅಮ್ಮ ಅಷ್ಟು ದೂರ ಹತ್ತಲಾರದ್ದರಿಂದ ನಾನೊಬ್ಬಳೇ ಹೋಗಿಬಂದೆ. ಏರು ಕಡಿದು, ನೆರಳಿಲ್ಲ. ಆದರೆ ಮೇಲೆ ಬೇರೆ ಯಾರೂ ಇರಲಿಲ್ಲ.

ಈಗ ಪುರಾತನ ಕೊಳದ ಮಾತು. ಕ್ಲಿಯೋಪಾತ್ರ ಕೊಳವೆಂದು ಕರೆಯುವ ಇದಕ್ಕೆ ಬೇರೆ ಟಿಕೆಟ್ ಬೇಕು, ಅದು ಅಗ್ಗವಲ್ಲ. ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ಇಲ್ಲಿ ಮಿಂದಿದ್ದಳೆಂಬುದಕ್ಕೆ ಆಧಾರವಿಲ್ಲ. ಆಕೆ ತೀರಿಕೊಂಡದ್ದು ಕ್ರಿ.ಪೂ. 30ರಲ್ಲಿ, ಕೊಳದೊಳಗೆ ಅಡ್ಡಡ್ಡ ಬಿದ್ದಿರುವ ಅಮೃತಶಿಲೆಯ ಕಂಬಗಳು ಉರುಳಿದ್ದು ಏಳನೆಯ ಶತಮಾನದ ಭೂಕಂಪದಲ್ಲಿ. ಹೆಸರು ಬಿಟ್ಟು ನೀರನ್ನು ನೋಡಿದರೆ, ಅದು ನಿಜವಾಗಿಯೂ ಅಪರೂಪದ ನೀರು. ಸುಮಾರು 36 ಡಿಗ್ರಿ, ಅಂದರೆ ಮೈಯ ಕಾವಿಗೆ ಹತ್ತಿರ; ಇಳಿದಾಗ ಬಿಸಿಯೂ ಅಲ್ಲ ತಂಪೂ ಅಲ್ಲ ಎನ್ನಿಸಿ, ಸ್ವಲ್ಪ ಹೊತ್ತಿಗೆ ಚರ್ಮದ ಮೇಲೆಲ್ಲ ಸೋಡಾದಂತೆ ಸಣ್ಣ ಗುಳ್ಳೆಗಳು ಕೂರುತ್ತವೆ. ಕಾಲಡಿಗೆ ಕಂಬದ ಕೆತ್ತನೆಯ ಸಾಲುಗಳು ತಗಲುತ್ತವೆ. ಬೆಳಗ್ಗೆ ಹತ್ತರೊಳಗೆ ಹೋದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಮಧ್ಯಾಹ್ನದ ಗದ್ದಲದಲ್ಲಿ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಕೆಲವೆಡೆ ಆಳವಿದೆ, ಕಂಬಗಳು ಜಾರುತ್ತವೆ, ಈಜು ಬಾರದವರು ಅಂಚಿನಲ್ಲೇ ಇರಬೇಕು. ನೀರಿಗಿಳಿಯಲು ಮನಸ್ಸಿಲ್ಲದವರು ಬದಿಯಲ್ಲಿ ಕೂತು ನೋಡಬಹುದು, ಅಮ್ಮ ಹಾಗೆಯೇ ಮಾಡಿದರು.

ಪಕ್ಕದ ದೊಡ್ಡ ರೋಮನ್ ಸ್ನಾನಗೃಹದಲ್ಲಿ 1984ರಿಂದ ವಸ್ತುಸಂಗ್ರಹಾಲಯವಿದೆ. ಎತ್ತರದ ಕಮಾನು ಛಾವಣಿಗಳ ಕೆಳಗೆ, ಹಿಯೆರಾಪೊಲಿಸ್ ಮತ್ತು ಸುತ್ತಲಿನ ಊರುಗಳ ಪ್ರತಿಮೆಗಳು, ಕಲ್ಲಿನ ಪೆಟ್ಟಿಗೆಗಳು ಇವೆ. ಪ್ಲುಟೋನಿಯಂನಲ್ಲಿ ಸಿಕ್ಕ, ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ ಸೆರ್ಬೆರಸ್‌ನ ವಿಗ್ರಹವನ್ನು, ಬಾಗಿಲನ್ನು ನೋಡಿ ಬಂದ ಮೇಲೆ ನೋಡಿದರೆ ಅದರ ತೂಕವೇ ಬೇರೆ. ಮಧ್ಯಾಹ್ನದ ಬಿಸಿಲನ್ನು ಕಳೆಯಲು ಇದಕ್ಕಿಂತ ಒಳ್ಳೆಯ ನೆರಳಿಲ್ಲ.

ಬಿಳಿ ಮೆಟ್ಟಿಲುಗಳಿಗೆ ನಾವು ಇಳಿದದ್ದು ಸಂಜೆ ಐದರ ಮೇಲೆ. ಬಸ್ಸುಗಳು ಹೋಗಿದ್ದವು. ಹಿಂದಿನ ದಿನ ಕಣ್ಣು ಕುಕ್ಕಿದ ಬಿಳುಪು ಈಗ ಕೆನೆಯ ಬಣ್ಣಕ್ಕೆ ತಿರುಗಿತ್ತು, ಕೊಳದ ನೀರಿನಲ್ಲಿ ಕಣಿವೆಯಾಚೆಯ ಹಿಮದ ಬೆಟ್ಟ ಕಾಣುತ್ತಿತ್ತು. ಮೇಲಿನಿಂದ ಊರಿನ ಬಾಗಿಲಿಗೆ ಬರಿಗಾಲಲ್ಲಿ ಇಳಿಯಲು ಸುಮಾರು ಅರ್ಧ ಗಂಟೆ ಬೇಕು. ಮೇಲೆ ಬೆಚ್ಚಗಿರುವ ನೀರು ಕೆಳಕ್ಕೆ ಹೋದಂತೆ ತಣ್ಣಗಾಗುತ್ತದೆ. ಸುಣ್ಣದ ನೆಲ ನೋಡಲು ನುಣುಪು, ಕಾಲಿಗೆ ಮಾತ್ರ ಅಲೆಅಲೆಯಾಗಿ ಚುಚ್ಚುತ್ತದೆ; ಬರಿಗಾಲ ಅಭ್ಯಾಸವಿರುವವರಿಗೂ ಕಷ್ಟವೇ. ನೀರು ತೆಳ್ಳಗೆ ಹರಿಯುವ ಕಡೆ ಒರಟಾಗಿದ್ದು ಹಿಡಿತ ಸಿಗುತ್ತದೆ, ಕೊಳದ ತಳದಲ್ಲಿ ಕೆಸರಿನಂಥ ಸುಣ್ಣವಿದ್ದು ಜಾರುತ್ತದೆ. ಮಂಡಿನೋವಿರುವವರು ಇಳಿಯುವ ಸಾಹಸ ಮಾಡದೆ ಮೇಲಿನ ಅಂಚಿನ ಮರದ ಹಾಸಿನ ಮೇಲೆ ನಡೆದು, ಮೊದಲ ಕೊಳದಲ್ಲಿ ಕಾಲು ಇಳಿಬಿಟ್ಟು ಕೂತರೂ ಸಾಕು. ಅಮ್ಮ ಹಾಗೆ ಕೂತು, ಆಮೇಲೆ ಬಾಡಿಗೆಯ ವಿದ್ಯುತ್ ಗಾಡಿಯಲ್ಲಿ ದಕ್ಷಿಣದ ಬಾಗಿಲಿಗೆ ಹೋದರು. ಚಪ್ಪಲಿ ಇಡಲು ಒಂದು ಬಟ್ಟೆಯ ಚೀಲ, ಕಪ್ಪು ಕನ್ನಡಕ, ಕಾಲೊರೆಸಲು ತುಂಡು ಬಟ್ಟೆ ಇವು ಮೂರನ್ನು ಮರೆಯಬಾರದು.

ಊಟದ ವಿಚಾರ ಎರಡು ಮಾತಿನಲ್ಲಿ ಮುಗಿಯುತ್ತದೆ. ಒಳಗಿನ ಉಪಾಹಾರ ದುಬಾರಿ. ಕೆಳಗಿನ ಊರಿನಲ್ಲಿ ಮನೆಯವರೇ ನಡೆಸುವ ಸಣ್ಣ ಹೋಟೆಲುಗಳಲ್ಲಿ ಪಾಲಕ್ ಅಥವಾ ಚೀಸ್ ತುಂಬಿ ಹೆಂಚಿನ ಮೇಲೆ ಬೇಯಿಸುವ ಗೊಜ್ಲೆಮೆ ಎಂಬ ತೆಳು ರೊಟ್ಟಿ, ಕೆಂಪು ಮಸೂರಬೇಳೆಯ ಸೂಪು ಸಿಗುತ್ತವೆ. ಸಸ್ಯಾಹಾರಿಗಳು ಸೂಪನ್ನು ಮಾಂಸದ ರಸದಲ್ಲಿ ಮಾಡಿದ್ದಾರೆಯೇ ಎಂದು ಕೇಳಿಯೇ ತೆಗೆದುಕೊಳ್ಳಬೇಕು. ನಾವು ತಂಗಿದ್ದ ಕಡೆ ಬಿಸಿನೀರ ಬುಗ್ಗೆಯ ಕೊಳವಿದೆ ಎಂದು ಹೇಳಿದ್ದರು; ಅಲ್ಲಿದ್ದದ್ದು ಮಾಮೂಲಿ ತಣ್ಣೀರಿನ ತೊಟ್ಟಿ. ಕಾಯ್ದಿರಿಸುವ ಮೊದಲು ಇದನ್ನು ಸ್ಪಷ್ಟವಾಗಿ ಕೇಳಿ. ಬೇಸಿಗೆಯ ಜುಲೈ-ಆಗಸ್ಟ್ ತಿಂಗಳು ಬಿಟ್ಟು ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೋಗುವುದು ಒಳ್ಳೆಯದು.

ಮೂರನೆಯ ದಿನ ಬೆಳಗ್ಗೆ, ಊರು ಬಿಡುವ ಮುನ್ನ, ಹಿಯೆರಾಪೊಲಿಸ್‌ನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಲಾವೊಡಿಕೆಯಾಕ್ಕೆ ಹೋದೆವು. 2003ರಿಂದ ಪಮುಕ್ಕಲೆ ವಿಶ್ವವಿದ್ಯಾಲಯದವರು ಅಗೆಯುತ್ತಿರುವ ಈ ನಗರದಲ್ಲಿ ಅಂದು ನಮ್ಮನ್ನು ಬಿಟ್ಟರೆ ಹತ್ತು ಜನರೂ ಇರಲಿಲ್ಲ. ಎರಡು ರಂಗಮಂದಿರಗಳಿವೆ, ಉದ್ದದ ಕ್ರೀಡಾಂಗಣವಿದೆ, ನಾಲ್ಕನೆಯ ಶತಮಾನದ ಇಗರ್ಜಿಯಿದೆ. ಆದರೆ ನಾನು ನೋಡಲೇಬೇಕೆನ್ನುವುದು ನೀರು ಹಂಚುವ ಗೋಪುರವನ್ನು. ದಕ್ಷಿಣದ ಬೆಟ್ಟಗಳ ಬುಗ್ಗೆಯಿಂದ ತಂದ ನೀರನ್ನು ಊರಿಗೆ ಹಂಚುತ್ತಿದ್ದ ಮಣ್ಣಿನ ಕೊಳವೆಗಳು ಅದರ ಗೋಡೆಯೊಳಗೆ ಇನ್ನೂ ಇವೆ, ಮತ್ತು ಅವುಗಳ ಬಾಯಿ ಸುಣ್ಣ ಕಟ್ಟಿ ಬೆರಳು ತೂರದಷ್ಟು ಕಿರಿದಾಗಿದೆ. ಬೈಬಲ್ಲಿನ ಕೊನೆಯ ಭಾಗದಲ್ಲಿ ಲಾವೊಡಿಕೆಯಾದ ಕ್ರೈಸ್ತ ಸಭೆಯನ್ನು ಬಿಸಿಯೂ ಅಲ್ಲ ತಂಪೂ ಅಲ್ಲ ಎಂದು ಬೈದಿರುವುದಕ್ಕೆ ಈ ಊರಿನ ಉಗುರುಬೆಚ್ಚನೆಯ ನೀರೇ ಹಿನ್ನೆಲೆಯೆಂದು ಹಲವರು ವಿವರಿಸುತ್ತಾರೆ. ಕ್ರಿ.ಶ. 114ರಲ್ಲಿ ಪ್ರಾಂತಾಧಿಪತಿ ಆಲಸ್ ವಿಸಿರಿಯಸ್ ಮಾರ್ಷಿಯಾಲಿಸ್ ಹೊರಡಿಸಿದ ನೀರಿನ ಕಾನೂನು ಇದೇ ಊರಿನ ಉತ್ಖನನದಲ್ಲಿ ಅಮೃತಶಿಲೆಯ ಫಲಕವೊಂದರ ಮೇಲೆ ಸಿಕ್ಕಿದೆ: ನೀರನ್ನು ಹೊಲಸು ಮಾಡಿದವರಿಗೆ, ಕಾಲುವೆ ಕೆಡಿಸಿದವರಿಗೆ, ಮುದ್ರೆ ಹಾಕಿದ ಕೊಳವೆಯನ್ನು ಒಡೆದವರಿಗೆ 5,000ದಿಂದ 12,500 ದಿನಾರಿಯವರೆಗೆ (ರೋಮನ್ ಬೆಳ್ಳಿ ನಾಣ್ಯ) ದಂಡ.

ಅಮ್ಮ ಆ ಕೊಳವೆಗಳ ಮುಂದೆ, ಬಿಳಿ ಮೆಟ್ಟಿಲುಗಳ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದರು. ಲಾವೊಡಿಕೆಯಾಕ್ಕೆ ಬೇರೆ ಟಿಕೆಟ್ ಬೇಕು, ಕನಿಷ್ಠ ಎರಡೂವರೆ ಗಂಟೆ ಬೇಕು. ಪಮುಕ್ಕಲೆ ಮತ್ತು ಡೆನಿಜ್ಲಿ ನಡುವೆ ಓಡಾಡುವ ಮಿನಿಬಸ್ಸಿನ ಚಾಲಕರಿಗೆ ಹೇಳಿದರೆ ತಿರುವಿನಲ್ಲಿ ಇಳಿಸುತ್ತಾರೆ. ಅಲ್ಲಿಂದ ಒಂದು ಕಿಲೋಮೀಟರಿನಷ್ಟು ನಡಿಗೆ.